ಶಾಲೆಯಿಲ್ಲದ ಶಿಕ್ಷಣ: ಒಂದು ಧರ್ಮಜಿಜ್ಞಾಸೆ

ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ, ಅದರ ಆಸಕ್ತಿ ಕರೆದೊಯ್ಯುವ ದಾರಿಯಲ್ಲಿಯೇ ಕಲಿಯಗೊಡುವುದು ಧರ್ಮಸಮ್ಮತವೇ? ಬೆಂಗಳೂರು, ಪುಣೆಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳಲ್ಲಿ ಕೆಲವರು ಈ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಅವರು ಮದುವೆ, ಪೂಜೆಗಳಿಗೆಂದು ಊರಿಗೆ ಬಂದಾಗ ಯಾದಗಿರಿ, ಶಹಾಪುರ, ಸುರಪುರಗಳ ಮನೆಗಳಲ್ಲಿಯೂ ಅದು ಮಾತಿಗೆ ಬರುತ್ತದೆ. ಹಿರಿಯರು ಇದನ್ನು ಪಟ್ಟಣದವರ ಷೋಕಿ ಎಂದು ತಳ್ಳಿಹಾಕುತ್ತಾರೆ; ಕಿರಿಯರು ಶಾಲೆಯೆಂದರೆ ಸೆರೆಮನೆ ಎನ್ನುತ್ತಾರೆ. ಎರಡು ಮಾತಿನಲ್ಲಿಯೂ ಆತುರವಿದೆ. ಅನೇಕಾಂತದ ಹೆಸರು ಹೇಳಿ ಎರಡೂ ಸರಿ ಎಂದು ಕೈತೊಳೆದುಕೊಳ್ಳುವುದಂತೂ ಇನ್ನೂ ಸುಲಭ. ಆ ಸಿದ್ಧಾಂತ ಇಂತಹ ಜಾಣತನಕ್ಕಾಗಿ ಹುಟ್ಟಿದ್ದಲ್ಲ.

ಈ ವಿಚಾರ ಪಾಶ್ಚಾತ್ಯರಲ್ಲಿ ಯಾರಿಂದ ಬಂದಿತೆಂಬುದನ್ನು ಮೊದಲು ನೋಡುವುದು ಒಳ್ಳೆಯದು. 1971ರಲ್ಲಿ ಇವಾನ್ ಇಲಿಚ್ ಎಂಬ ಚಿಂತಕ ಸಮಾಜವನ್ನು ಶಾಲೆಯಿಂದ ಬಿಡುಗಡೆಗೊಳಿಸಬೇಕೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದ. ಆತ ಮೆಕ್ಸಿಕೋದಲ್ಲಿ ನೆಲೆಸಿದ್ದವನು. ಅವನ ಕಣ್ಣಮುಂದೆ ಇದ್ದವರು ಲ್ಯಾಟಿನ್ ಅಮೆರಿಕದ ಬಡವರು. ಶಾಲೆಯು ಬಡವನ ಮಗುವಿಗೆ ವಿದ್ಯೆಗಿಂತ ಮೊದಲು ತಾನು ದಡ್ಡನೆಂಬ ನಂಬಿಕೆಯನ್ನು ಕಲಿಸುತ್ತದೆ ಎಂಬುದು ಅವನ ಆಕ್ಷೇಪದ ತಿರುಳು. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ ತರಗತಿಗಳಲ್ಲಿ ಮಕ್ಕಳ ಭಯವನ್ನು ಹತ್ತಿರದಿಂದ ಕಂಡು, ಶಾಲೆಯನ್ನು ತಿದ್ದುವ ಆಸೆಯನ್ನು ಬಿಟ್ಟು, 1977ರಲ್ಲಿ ಶಾಲೆಯ ಹೊರಗೆ ಕಲಿಯುವ ಕುಟುಂಬಗಳಿಗಾಗಿ ಒಂದು ಪತ್ರಿಕೆಯನ್ನೇ ಆರಂಭಿಸಿದ. ಇಂದು ‘ಅನ್‌ಸ್ಕೂಲಿಂಗ್’ ಎಂಬ ಹೆಸರಿನಿಂದ ಕರೆಯುವುದು ಅವನು ತೋರಿಸಿದ ದಾರಿಯನ್ನೇ. ಪಠ್ಯಕ್ರಮವಿಲ್ಲ, ವೇಳಾಪಟ್ಟಿಯಿಲ್ಲ, ಪರೀಕ್ಷೆಯಿಲ್ಲ. ಮಗು ಕೇಳುತ್ತದೆ, ಹಿರಿಯರು ಜೊತೆಗಿರುತ್ತಾರೆ. ಬಡವರನ್ನು ಕುರಿತು ಹುಟ್ಟಿದ ಆಕ್ಷೇಪವು ಕಾಲಕ್ರಮದಲ್ಲಿ ಅನುಕೂಲಸ್ಥರ ಆಚರಣೆಯಾಯಿತೆಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ನಮ್ಮ ಪರಂಪರೆಗೆ ಈ ವಿಚಾರ ಅಪರಿಚಿತವಲ್ಲ. ಜಿನಸೇನಾಚಾರ್ಯರ ಮತ್ತು ಪಂಪನ ಆದಿಪುರಾಣಗಳನ್ನು ಸ್ವಾಧ್ಯಾಯ ಮಾಡಿದವರಿಗೆ ಆದಿನಾಥ ಸ್ವಾಮಿಯು ಬ್ರಾಹ್ಮಿ, ಸೌಂದರಿಯರೆಂಬ ಪುತ್ರಿಯರಿಗೆ ಕಲಿಸಿದ ಪ್ರಸಂಗ ಗೊತ್ತೇ ಇದೆ. ತಂದೆಯೇ ಗುರು, ಅರಮನೆಯೇ ಪಾಠಶಾಲೆ. ಒಬ್ಬಳಿಗೆ ಅಕ್ಷರ, ಇನ್ನೊಬ್ಬಳಿಗೆ ಅಂಕ. ಗಂಡುಮಕ್ಕಳಿಗೂ ಒಂದೇ ಪಾಠವಿಲ್ಲ: ಭರತನಿಗೆ ಅರ್ಥಶಾಸ್ತ್ರ ಮತ್ತು ನೃತ್ಯಶಾಸ್ತ್ರ, ವೃಷಭಸೇನನಿಗೆ ಗಾಂಧರ್ವ, ಅನಂತವಿಜಯನಿಗೆ ಚಿತ್ರಕಲೆ, ಬಾಹುಬಲಿಗೆ ಆಯುರ್ವೇದ, ಧನುರ್ವೇದ, ರತ್ನಪರೀಕ್ಷೆ ಮುಂತಾದವು. ವಿದ್ಯೆಯನ್ನು ಮಗುವಿನ ಪ್ರಕೃತಿಗೆ ತಕ್ಕಂತೆ ಹಂಚಬೇಕೆಂಬ ತಿಳಿವಳಿಕೆ ಇಲ್ಲಿ ಸ್ಪಷ್ಟವಾಗಿದೆ. ಹೆಣ್ಣುಮಕ್ಕಳ ವಿದ್ಯೆಯನ್ನು ಪುರಾಣಕಾರರು ಮೊದಲು ಹೇಳಿದರು ಎಂಬುದನ್ನು ಮದುವೆಯ ವಯಸ್ಸಿನ ಲೆಕ್ಕ ಹಾಕುತ್ತ ಮಗಳ ಓದನ್ನು ನಿಲ್ಲಿಸುವ ಮನೆಗಳು ಗಮನಿಸಬೇಕು. ಜಿನಸೇನರನ್ನು ಗುರುವೆಂದು ಗೌರವಿಸಿದ ಅಮೋಘವರ್ಷನ ರಾಜಧಾನಿ ನಮಗೆ ದೂರವೇನಲ್ಲ. ನೆರೆಯ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮಳಖೇಡವೇ ಅದು. ಬಡ್ಡಿ, ಪಾಲು, ಬಂಗಾರದ ಬಣ್ಣಗಳ ಲೆಕ್ಕವನ್ನು ವ್ಯಾಪಾರಿಗೆ ಬೇಕಾದಂತೆ ಹೇಳುವ ಗಣಿತಸಾರಸಂಗ್ರಹವನ್ನು ಮಹಾವೀರಾಚಾರ್ಯರು ರಚಿಸಿದ್ದೂ ಅದೇ ಅರಸನ ಕಾಲದಲ್ಲಿ.

ಪುರಾಣದ ಮಾತು ಹಾಗಿರಲಿ. ಈಗ ನಾವು ಶಾಲೆ ಎನ್ನುವ ವ್ಯವಸ್ಥೆ ಈ ಭಾಗದಲ್ಲಿ ನೆಲೆಯೂರಿದ್ದು ಈಚಿನ ಕಾಲದಲ್ಲಿ. ಅದಕ್ಕೆ ಮೊದಲು ಗಾವಠಿ ಶಾಲೆಗಳಿದ್ದವು, ಐಗಳ ಮಠಗಳಿದ್ದವು. ಗುಡಿಯ ಪೌಳಿಯಲ್ಲೋ ಸಾಹುಕಾರರ ಪಡಸಾಲೆಯಲ್ಲೋ ಮರಳಿನ ಮೇಲೆ ಬೆರಳಾಡಿಸಿ ಓನಾಮ ತಿದ್ದಿಸುತ್ತಿದ್ದರು. ಸಿದ್ಧರಿಗೆ ನಮಿಸಿ ಅಕ್ಷರಾರಂಭ ಮಾಡುವ ಆ ರೂಢಿಯಲ್ಲಿ ನಮ್ಮ ಪರಂಪರೆಯ ಗುರುತು ಉಳಿದಿತ್ತು. ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ಶಾಲೆಯ ಮೇಲ್ತರಗತಿಗಳ ಭಾಷೆ ಉರ್ದು. ಮನೆಯ ಭಾಷೆ ಕನ್ನಡ. 1920ರ ದಶಕದಲ್ಲಿ ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿರ್ಬಂಧ ಬಂದಿತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಗುವವರೆಗೆ ಕನ್ನಡದ ಓದು ಬಹುಮಟ್ಟಿಗೆ ಇಂತಹ ಖಾಸಗಿ ಪ್ರಯತ್ನಗಳನ್ನೇ ನೆಚ್ಚಬೇಕಾಗಿತ್ತು. ಶಾಲೆಗೆ ಪರ್ಯಾಯವನ್ನು ಹುಡುಕುವುದು ನಮ್ಮ ಅಜ್ಜಂದಿರಿಗೆ ಷೋಕಿಯಾಗಿರಲಿಲ್ಲ.

ಸುರಪುರದವರಿಗೆ ಇನ್ನೊಂದು ಉದಾಹರಣೆ ಹತ್ತಿರದ್ದು. ಊರಿನ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ಕಟ್ಟಿಸಿದ ಮೆಡೋಸ್ ಟೇಲರ್ ಹದಿನೈದರ ವಯಸ್ಸಿನಲ್ಲಿ, 1824ರಲ್ಲಿ, ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಗುಮಾಸ್ತನಾಗಿರಲು ಬಂದವನು. ಭೂಮಾಪನ, ಕಟ್ಟಡವಿದ್ಯೆ, ಕಾನೂನು, ದೇಶಭಾಷೆಗಳನ್ನೆಲ್ಲ ಕೆಲಸ ಮಾಡುತ್ತಲೇ ಕಲಿತ. ಸುರಪುರ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ವಿದ್ವತ್ ಪ್ರಪಂಚಕ್ಕೆ ತಿಳಿಸಿದವನೂ ಅವನೇ. ಶಾಲೆ ಬೇಗ ಮುಗಿದರೂ ಕಲಿಕೆ ಮುಗಿಯಬೇಕಾಗಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅಂಥವನೊಬ್ಬನನ್ನು ತೋರಿಸಿ ಎಲ್ಲರ ಮಕ್ಕಳ ವಿಷಯದಲ್ಲಿ ತೀರ್ಮಾನ ಮಾಡುವುದು ತರ್ಕವಲ್ಲ. ಹಾಗೆ ಬೇಗ ಹೊರಬಿದ್ದು ಏನೂ ಆಗದೆ ಹೋದವರ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ.

ಇನ್ನು ಶಾಲೆಯ ಮೇಲಿನ ಆಕ್ಷೇಪವನ್ನು ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿಯೇ ಪರೀಕ್ಷಿಸೋಣ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು, ಅನ್ನನೀರು ತಪ್ಪಿಸುವುದು. ಇವನ್ನು ಎತ್ತು, ಕುದುರೆ, ಆಳುಕಾಳುಗಳ ವಿಷಯದಲ್ಲಿ ವಿವರಿಸುವುದು ವಾಡಿಕೆ. ಆರು ವರ್ಷದ ಮಗುವನ್ನು ದಿನಕ್ಕೆ ಐದಾರು ತಾಸು ಅಲುಗಾಡಗೊಡದೆ ಕೂರಿಸುವುದು ಬಂಧವಲ್ಲವೇ? 2009ರ ಶಿಕ್ಷಣ ಹಕ್ಕು ಕಾಯ್ದೆಯು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು; ಆದರೂ ಬೆತ್ತ ಎಲ್ಲ ಕಡೆಯೂ ಮಾಯವಾಗಿದೆಯೆಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅತಿಭಾರದ ಮಾತಂತೂ ಅಕ್ಷರಶಃ ಸತ್ಯ. 1993ರಲ್ಲಿ ಪ್ರೊ. ಯಶಪಾಲ್ ಸಮಿತಿಯು ಹೊರೆಯಿಲ್ಲದ ಕಲಿಕೆಯನ್ನು ಕುರಿತು ವರದಿ ನೀಡಿತು. ಪುಸ್ತಕದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರ ಹೆಚ್ಚಿನದೆಂದು ಅದು ಗುರುತಿಸಿತು. ಕರ್ನಾಟಕ ಸರ್ಕಾರವು ಶಾಲಾಚೀಲದ ತೂಕ ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದು ಆದೇಶಿಸಿದ್ದು 2019ರಲ್ಲಿ. ವರದಿಗೂ ಆದೇಶಕ್ಕೂ ನಡುವೆ ಇಪ್ಪತ್ತಾರು ವರ್ಷ. ಎತ್ತಿನ ಗಾಡಿಗೆ ಹೆಚ್ಚು ಚೀಲ ಹೇರಿದರೆ ಪಾಪವೆನ್ನುವ ಶ್ರಾವಕನು ಮಗನ ಬೆನ್ನನ್ನು ನೋಡದೆ ಹೋದನೆಂದರೆ ಅದು ಆಶ್ಚರ್ಯವೇ ಸರಿ. ಹೀಗಿರುವಾಗ ಮಗುವನ್ನು ಇದರಿಂದ ಬಿಡಿಸಬೇಕೆನ್ನುವ ತಂದೆತಾಯಿಯರನ್ನು ಹುಚ್ಚರೆನ್ನಲಾಗದು.

ಆದರೆ ಅದೇ ಪಟ್ಟಿಯ ಐದನೆಯ ಅತಿಚಾರವನ್ನು ಯಾದಗಿರಿಯಲ್ಲಿ ನಿಂತು ಓದಿದರೆ ವಾದ ತಿರುಗಿ ನಿಲ್ಲುತ್ತದೆ. ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ಕೊಡುವ ಅಕ್ಷರ ದಾಸೋಹವು 2002ರಲ್ಲಿ ಆರಂಭವಾದದ್ದೇ ಕಲಬುರಗಿ ಸೇರಿದ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ. ಯಾದಗಿರಿ ಆಗಿನ್ನೂ ಕಲಬುರಗಿಯೊಳಗೇ ಇದ್ದಿತು. ಹಲವು ಮನೆಗಳ ಮಗುವಿಗೆ ಶಾಲೆ ತಪ್ಪಿತೆಂದರೆ ಊಟವೂ ತಪ್ಪಿತು. 2011ರ ಜನಗಣತಿಯಲ್ಲಿ ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಕಡಿಮೆ ಸಾಕ್ಷರತೆ ಕಂಡದ್ದು ಯಾದಗಿರಿಯಲ್ಲಿ: ಒಟ್ಟಾರೆ ಶೇಕಡ 52ಕ್ಕಿಂತ ತುಸು ಕಡಿಮೆ, ಮಹಿಳೆಯರಲ್ಲಿ ಶೇಕಡ 41ರ ಸುಮಾರು. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿಯೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. ತೇರ್ಗಡೆಯಾದವರು ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹತ್ತಿ ಬಿಡಿಸುವ ದಿನಗಳಲ್ಲಿ ಹಳ್ಳಿಯ ಶಾಲೆಯ ಹಾಜರಿ ಪುಸ್ತಕವನ್ನು ನೋಡಬೇಕು. ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುವ ಕುಟುಂಬದೊಡನೆ ಮಕ್ಕಳೂ ಹೋಗುತ್ತಾರೆ. ಕಟ್ಟುತ್ತಿರುವ ಕಟ್ಟಡದ ಮರಳರಾಶಿಯ ಬಳಿ ತಮ್ಮತಂಗಿಯರನ್ನು ಆಡಿಸುತ್ತ ದಿನ ಕಳೆಯುತ್ತಾರೆ. ಪಠ್ಯಕ್ರಮವಿಲ್ಲ, ವೇಳಾಪಟ್ಟಿಯಿಲ್ಲ, ಪರೀಕ್ಷೆಯಿಲ್ಲ. ಹೋಲ್ಟ್ ಹೇಳಿದ ಲಕ್ಷಣಗಳೆಲ್ಲ ಇವೆ. ಜೊತೆಗಿರಬೇಕಾದ ಹಿರಿಯನೊಬ್ಬ ಮಾತ್ರ ಇಲ್ಲ.

ಶಾಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಪುಸ್ತಕ, ದೂರವಾಣಿ, ಓದಿದ ತಾಯಿ ಇದ್ದ ಮನೆಗಳಲ್ಲಿ ಆ ಅವಧಿ ಕೆಲವು ಮಕ್ಕಳಿಗೆ ವರವೇ ಆಯಿತು. ಸಂಗೀತ ಕಲಿತರು, ಅಡಿಗೆ ಕಲಿತರು, ಅಜ್ಜಿಯ ಬಾಯಿಂದ ಕಥೆ ಕೇಳಿದರು. ಅದೇ ಓಣಿಯ ಇನ್ನೊಂದು ತುದಿಯಲ್ಲಿ ಎರಡನೆಯ ತರಗತಿಯ ಮಗು ಕಲಿತ ಅಕ್ಷರವನ್ನೂ ಮರೆತು ನಾಲ್ಕನೆಯ ತರಗತಿಯಲ್ಲಿ ಕುಳಿತಿತು. ಶಾಲೆ ಇಲ್ಲದಿರುವುದು ಎರಡೂ ಮನೆಗಳಿಗೆ ಸಮಾನವಾಗಿತ್ತು. ಮಗುವಿನ ಪಕ್ಕದಲ್ಲಿ ಯಾರಿದ್ದರು ಎಂಬುದು ಸಮಾನವಾಗಿರಲಿಲ್ಲ.

ಆದ್ದರಿಂದ ಶಾಲೆಯೋ ಮನೆಯೋ ಎಂಬಲ್ಲಿ ಧರ್ಮದ ಗೆರೆಯನ್ನು ಎಳೆಯಲಾಗದು. ಗೆರೆ ಇರುವುದು ಬೇರೆ ಕಡೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯ ಹಿಂದಿನ ಪ್ರಮಾದವನ್ನು ಮುಂದಿಡುತ್ತದೆ. ಎಚ್ಚರಗೇಡಿತನವೇ ಮೂಲ. ಈ ಒರೆಗಲ್ಲಿಗೆ ಹಚ್ಚಿದರೆ ಮಗುವನ್ನು ಶಾಲೆಯಿಂದ ಬಿಡಿಸಿ ‘ಅದು ತಾನೇ ಕಲಿಯುತ್ತದೆ’ ಎಂದು ನಿಶ್ಚಿಂತರಾಗುವುದು ಪ್ರಮಾದ. ದುಬಾರಿ ಶುಲ್ಕ ಕಟ್ಟಿ, ಬಸ್ಸು ಹತ್ತಿಸಿ, ‘ಅವರು ನೋಡಿಕೊಳ್ಳುತ್ತಾರೆ’ ಎಂದು ನಿಶ್ಚಿಂತರಾಗುವುದೂ ಅಷ್ಟೇ ಪ್ರಮಾದ. ನಮ್ಮ ಮನೆಗಳಲ್ಲಿ ಎರಡನೆಯದೇ ಹೆಚ್ಚು. ಮಗು ಏನು ಕಲಿಯಿತೆಂದು ಕೇಳುವುದಿಲ್ಲ, ಎಷ್ಟು ಅಂಕ ಬಂದಿತೆಂದು ಕೇಳುತ್ತೇವೆ. ಶಾಲೆಯನ್ನು ಬಿಡಿಸುವ ಧೈರ್ಯ ಮಾಡಿದ ಕುಟುಂಬಗಳನ್ನು ನೋಡಿ ಕಲಿಯಬೇಕಾದುದು ಯಾವುದಾದರೂ ಇದ್ದರೆ ಅದು ದಿನವಿಡೀ ಮಗುವಿನ ಕಡೆಗೆ ಗಮನ ಕೊಡುವ ಅವರ ಅಭ್ಯಾಸ. ಅದಕ್ಕೆ ಶಾಲೆ ಬಿಡಿಸಲೇಬೇಕೆಂದಿಲ್ಲ.

ಇಲ್ಲಿ ನಮ್ಮ ಪೇಟೆಯ ಜೀವನಕ್ಕೆ ಸಂಬಂಧಿಸಿದ ಒಂದು ಇಕ್ಕಟ್ಟಿನ ವಿಷಯವನ್ನು ಬಿಟ್ಟು ಹೋಗಲಾಗದು. ಅಡತಿ ಅಂಗಡಿಯ ಗಾದಿಯ ಮೇಲೆ ತಂದೆಯ ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಹುಡುಗ ಕಿರ್ದಿ, ಖಾತೆ ನೋಡುತ್ತಾನೆ, ತೊಗರಿಯ ಕಾಳನ್ನು ಅಂಗೈಯಲ್ಲಿ ಹಾಕಿ ತೇವ ಅಳೆಯುತ್ತಾನೆ, ಬಾಯಿಲೆಕ್ಕ ಮಾಡುತ್ತಾನೆ. ಇದನ್ನು ನಾವು ಸಂಸ್ಕಾರ ಎನ್ನುತ್ತೇವೆ. ಹೊಸ ಶಿಕ್ಷಣತಜ್ಞರು ಅನುಭವಕಲಿಕೆ ಎಂದು ಮೆಚ್ಚುತ್ತಾರೆ. ಅದೇ ಅಂಗಡಿಯ ಮುಂದೆ ಹಮಾಲನ ಹತ್ತು ವರ್ಷದ ಮಗ ಚೆಲ್ಲಿದ ಕಾಳನ್ನು ಗುಡಿಸಿ ತುಂಬುತ್ತಾನೆ. ಅವನನ್ನು ಬಾಲಕಾರ್ಮಿಕ ಎನ್ನಬೇಕಾಗುತ್ತದೆ, ಅನ್ನಲೇಬೇಕು. 2016ರಲ್ಲಿ ತಿದ್ದುಪಡಿಯಾದ ಕಾಯ್ದೆಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಶಾಲಾವೇಳೆಯ ಹೊರಗೆ ಅಪಾಯವಿಲ್ಲದ ಮನೆತನದ ಉದ್ಯೋಗಕ್ಕೆ ನೆರವಾಗುವುದನ್ನು ಮಾತ್ರ ಬಿಟ್ಟಿತು. ಕಾಯ್ದೆಯ ಪ್ರಕಾರ ನಮ್ಮ ಹುಡುಗನಿಗೆ ದೋಷವಿಲ್ಲ. ಆದರೆ ಇಬ್ಬರು ಮಕ್ಕಳೂ ಅದೇ ಕಾಳನ್ನು ಮುಟ್ಟುತ್ತಿರುವಾಗ ಒಬ್ಬನ ಮುಟ್ಟುವಿಕೆ ವಿದ್ಯೆಯೂ ಇನ್ನೊಬ್ಬನದು ದುಡಿಮೆಯೂ ಆಗುವುದು ಏಕೆ? ಒಬ್ಬನಿಗೆ ಕಲಿಸಲು ಪಕ್ಕದಲ್ಲಿ ತಂದೆ ಇದ್ದಾನೆ, ಬೇಡವೆನಿಸಿದಾಗ ಎದ್ದು ಹೋಗುವ ಸ್ವಾತಂತ್ರ್ಯವಿದೆ. ಇನ್ನೊಬ್ಬನಿಗೆ ಎರಡೂ ಇಲ್ಲ. ಶಾಲೆಯಿಲ್ಲದ ಶಿಕ್ಷಣವೆಂಬ ಸೌಲಭ್ಯಕ್ಕೆ ಆಸ್ತಿಯ ಆಧಾರವಿದೆಯೆಂಬುದನ್ನು ಅಪರಿಗ್ರಹದ ವ್ರತ ಹಿಡಿದವರು ಒಪ್ಪಿಕೊಳ್ಳಬೇಕು.

ಸುದೈವದಿಂದ ಬೆತ್ತ, ಬಾಯಿಪಾಠಗಳ ಶಾಲೆ ಮತ್ತು ಶಾಲೆಯೇ ಇಲ್ಲದಿರುವುದು ಇವೆರಡರ ನಡುವೆ ಬೇರೆ ದಾರಿಗಳಿವೆ. ಅವುಗಳಲ್ಲಿ ಒಂದು ಕನ್ನಡದ ನೆಲದಲ್ಲಿಯೇ ಬೆಳೆಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯನ್ನು ನೋಡಿಬಂದ ಸರ್ಕಾರಿ ಶಿಕ್ಷಕರು ನಲಿ-ಕಲಿಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹರಡಿತು. ಅಲ್ಲಿ ಪಾಠಪುಸ್ತಕದ ಬದಲು ಕಾರ್ಡುಗಳು. ಗೋಡೆಯ ಮೇಲೆ ಕಲಿಕಾ ಏಣಿ. ಸಾಲುಬೆಂಚಿನ ಬದಲು ನೆಲದ ಮೇಲೆ ಗುಂಪುಗಳು. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು, ಒಬ್ಬೊಬ್ಬರೂ ತಮ್ಮ ತಮ್ಮ ಮೆಟ್ಟಿಲಿನಲ್ಲಿ. ಇದರಲ್ಲಿ ನಮ್ಮ ಜಿಲ್ಲೆಗೆ ಬಹು ಮುಖ್ಯವಾದ ಒಂದು ಗುಣವಿದೆ. ಹತ್ತಿಯ ಕಾಲದಲ್ಲಿ ಎರಡು ತಿಂಗಳು ತಪ್ಪಿಸಿಕೊಂಡ ಮಗು ಹಿಂತಿರುಗಿದಾಗ ತರಗತಿ ಅದನ್ನು ಬಿಟ್ಟು ಮುಂದೆ ಹೋಗಿರುವುದಿಲ್ಲ. ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಅದು ಹತ್ತಬಹುದು. ಪದ್ಧತಿ ಇರುವ ಕಡೆಯೆಲ್ಲ ಹೀಗೆಯೇ ನಡೆಯುತ್ತಿದೆಯೆಂದಲ್ಲ. ಕಾರ್ಡುಗಳು ಹರಿದು ಹೋಗುತ್ತವೆ, ಒಬ್ಬ ಶಿಕ್ಷಕರಿಗೆ ಮಿತಿಮೀರಿ ಮಕ್ಕಳಿರುತ್ತಾರೆ. ಆದರೂ ಮಗುವಿನ ವೇಗಕ್ಕೆ ಪಾಠ ಹೊಂದಿಕೊಳ್ಳಬೇಕೆಂಬ ಅನ್‌ಸ್ಕೂಲಿಂಗಿನ ಮೂಲಮಾತು ಇಲ್ಲಿ ಬಡವರ ಶಾಲೆಯೊಳಗೇ ಬಂದಿದೆ. ಸುರಪುರ ತಾಲ್ಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರದೊಡನೆ ಕೂಡಿ 2000ರ ದಶಕದ ಮಧ್ಯದಿಂದ ಹಲವು ವರ್ಷ ನಡೆಸಿದ ಮಗುಸ್ನೇಹಿ ಶಾಲಾ ಕಾರ್ಯಕ್ರಮದ ಉದ್ದೇಶವೂ ಇದೇ ಬಗೆಯದು: ಇರುವ ಶಾಲೆಯನ್ನು ಭಯವಿಲ್ಲದ ಸ್ಥಳವನ್ನಾಗಿ ಮಾಡುವುದು.

ನಮ್ಮ ಸಮಾಜದಲ್ಲಿಯೇ ಹುಟ್ಟಿದ ಒಬ್ಬ ಪುರುಷನನ್ನು ಈ ಸಂದರ್ಭದಲ್ಲಿ ನೆನೆಯುವುದು ನ್ಯಾಯ. ಕರ್ಮವೀರ ಭಾವುರಾವ್ ಪಾಟೀಲರು 1887ರಲ್ಲಿ ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ ದಿಗಂಬರ ಜೈನ ಮನೆತನದಲ್ಲಿ ಜನಿಸಿದರು. ದಲಿತ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಸ್ನಾನ ಮಾಡಲು ಒಪ್ಪದ್ದರಿಂದ ಅವರು ಜೈನ ಬೋರ್ಡಿಂಗನ್ನು ಬಿಡಬೇಕಾಯಿತೆಂದು ಅವರ ಚರಿತ್ರಕಾರರು ಬರೆದಿದ್ದಾರೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡ ಹುಡುಗರು ಒಂದೇ ಒಲೆಯ ಅನ್ನ ಉಂಡು ಬಾಳುವ ವಸತಿಗೃಹವನ್ನು ತೆರೆದರು. ಹುಡುಗರು ಹೊಲದಲ್ಲಿ ದುಡಿದರು, ಅಡಿಗೆ ಮಾಡಿದರು, ಓದಿದರು. ದುಡಿಮೆ ಇತ್ತು, ಆದರೆ ಅದರ ಫಲ ದುಡಿದವನ ವಿದ್ಯೆಗೇ ಸಲ್ಲುತ್ತಿತ್ತು. ಗಾದಿಯ ಮೇಲಿನ ಹುಡುಗನಿಗೂ ಗುಡಿಸುವ ಹುಡುಗನಿಗೂ ನಡುವಿನ ಅಂತರವನ್ನು ಕೆಲಸವನ್ನು ಹೊರಗಿಡದೆಯೇ ಅವರು ಅಳಿಸಿದರು. ರೂಢಿಯ ಶಾಲೆಗೆ ಪರ್ಯಾಯವೆಂದರೆ ಇದೂ ಪರ್ಯಾಯವೇ. ಒಂದು ಮನೆಗೆ ಮೀಸಲಾಗದ ಪರ್ಯಾಯ.

ಇಷ್ಟಾದ ಮೇಲೂ ತಮ್ಮ ಮಗುವನ್ನು ಮನೆಯಲ್ಲಿಯೇ ಕಲಿಸುತ್ತೇವೆನ್ನುವ ತಂದೆತಾಯಿಯರಿಗೆ ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯು ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯವೆಂದು 10ನೆಯ ಕಲಮಿನಲ್ಲಿ ಹೇಳುತ್ತದೆ; ಸೇರಿಸದವರಿಗೆ ದಂಡನೆಯನ್ನು ಆ ಕಾಯ್ದೆ ವಿಧಿಸಿಲ್ಲ. ಮುಂದೆ ಪ್ರಮಾಣಪತ್ರ ಬೇಕೆನಿಸಿದರೆ 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಪರೀಕ್ಷೆಗಳಿವೆ. ತೊಡಕು ಕಾಯ್ದೆಯದಕ್ಕಿಂತ ಹೆಚ್ಚಾಗಿ ಮನೆಯದು. ದಿನವೂ ಮಗುವಿನ ಜೊತೆ ಕೂರುವವರು ಯಾರು? ಸಾಮಾನ್ಯವಾಗಿ ಉತ್ತರ ‘ತಾಯಿ’ ಎಂದೇ ಬರುತ್ತದೆ. ಆಕೆಯನ್ನು ಯಾರೂ ಕೇಳಿರುವುದಿಲ್ಲ. ಓಣಿಯ, ಅನ್ಯ ಜಾತಿಯ, ಅನ್ಯ ಮತದ ಮಕ್ಕಳೊಡನೆ ಈ ಮಗು ಎಲ್ಲಿ ಬೆರೆಯುತ್ತದೆ? ಶುದ್ಧಾಹಾರ, ಶುದ್ಧಸಹವಾಸದ ನೆಪದಲ್ಲಿ ಮಗುವನ್ನು ಮನೆಯೊಳಗಿಡುವುದಾದರೆ ಅದು ಇನ್ನೊಂದು ಬಂಧವಷ್ಟೆ. ಮಗುವಿನ ಮನಸ್ಸು ಏನು ಎಂಬ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ಏಳು ವರ್ಷದ ಮಗು ಶಾಲೆ ಬೇಡವೆಂದು ಅತ್ತರೆ ಅದನ್ನು ಅಭಿಪ್ರಾಯವೆನ್ನಬೇಕೇ? ಹನ್ನೆರಡರಲ್ಲಿ ಶಾಲೆಗೆ ಹೋಗುತ್ತೇನೆಂದು ಅದು ಹೇಳಿದರೆ ತಂದೆ ತನ್ನ ಸಿದ್ಧಾಂತವನ್ನು ಬಿಟ್ಟುಕೊಡುವನೇ? ಮಕ್ಕಳನ್ನೂ ಪರಿಗ್ರಹದಲ್ಲಿ ಎಣಿಸುವ ಮನಸ್ಸು ನಮ್ಮದು. ಈ ಕಡೆಯ ಪ್ರಶ್ನೆಗೆ ಮೊದಲೇ ಪ್ರಾಮಾಣಿಕವಾಗಿ ಉತ್ತರಿಸಬಲ್ಲವರು ಆ ದಾರಿಯಲ್ಲಿ ಹೋಗಲಿ.

ಇನ್ನು ನಮ್ಮ ಟ್ರಸ್ಟುಗಳ ವಿಷಯ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಕೆಲವು ತಿಂಗಳು ನಡೆದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಬಂದರು. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಪಾಠಶಾಲೆಯಾದವು. ಸೋಂಕಿನ ಭಯದಿಂದ ಅದನ್ನು ಅಕ್ಟೋಬರಿನಲ್ಲಿ ನಿಲ್ಲಿಸಿದರು. ಗಾವಠಿ ಶಾಲೆಯ ಕಾಲದ ಪೌಳಿಯ ಉಪಯೋಗ ಏನಿತ್ತೆಂಬುದು ಆಗ ಮತ್ತೆ ನೆನಪಿಗೆ ಬಂದಿತ್ತು. ನಮ್ಮ ಮಂದಿರಗಳಿಗೆ ಸೇರಿದ ಸಭಾಭವನಗಳು ವರ್ಷದ ಬಹುಪಾಲು ದಿನ ಬೀಗ ಹಾಕಿಕೊಂಡಿರುತ್ತವೆ. ರವಿವಾರದ ಪಾಠಶಾಲೆ ನಡೆಯುವ ಕಡೆಯೂ ಅದು ನಮ್ಮ ಮಕ್ಕಳಿಗೆ ಮಾತ್ರ, ತಾಸೊತ್ತು ಮಾತ್ರ. ಸಂಜೆ ಐದರಿಂದ ಏಳರವರೆಗೆ ಆ ಭವನವನ್ನು ತೆರೆದು, ಚಾಪೆ ಹಾಸಿ, ಕಥೆಪುಸ್ತಕಗಳನ್ನೂ ತಕ್ಕಡಿ, ಅಳತೆಪಟ್ಟಿ, ಬಣ್ಣಗಳನ್ನೂ ಇಟ್ಟು, ನಿವೃತ್ತ ಶಿಕ್ಷಕರೊಬ್ಬರನ್ನು ಕೂರಿಸಿದರೆ ಖರ್ಚು ಒಂದು ಸಾಧಾರಣ ಪಂಚಕಲ್ಯಾಣದ ಪೆಂಡಾಲಿಗಿಂತ ಎಷ್ಟೋ ಕಡಿಮೆ. ಗುಳೆಯಿಂದ ಬಂದ ಮಗುವೂ ಬರಲಿ, ಇಂಗ್ಲಿಷ್ ಶಾಲೆಯ ಚೀಲ ಇಳಿಸಿ ನಮ್ಮ ಮಗುವೂ ಬರಲಿ. ಅಲ್ಲಿ ಹಾಜರಿಯೂ ಬೇಡ, ಅಂಕವೂ ಬೇಡ. ಚಪ್ಪಲಿ ಬಿಡುವ ಸ್ಥಳ, ಕುಡಿಯುವ ನೀರಿನ ವ್ಯವಸ್ಥೆ, ಮಾಂಸಾಹಾರಿಗಳ ಮನೆಯ ಮಕ್ಕಳು ಒಳಗೆ ಬರಬಹುದೇ ಎಂಬ ತಕರಾರು ಇವೆಲ್ಲ ಏಳುತ್ತವೆ. ಏಳಲಿ, ಟ್ರಸ್ಟಿನ ಸಭೆಯಲ್ಲಿಯೇ ಅವು ಚರ್ಚೆಯಾಗಲಿ. ಚಾತುರ್ಮಾಸ್ಯದ ವ್ಯವಸ್ಥೆಗೆಂದು ಕೂಡುವ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯವನ್ನು ಸೇರಿಸಿ, ಸಂಜೆ ಹೊತ್ತಿನಲ್ಲಿ ಸಭಾಭವನದ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ಮೊದಲು ತೀರ್ಮಾನಿಸಬಹುದು.